ತಿಳವಳ್ಳಿ ಸೀಮೆಯ ಕೆರೆಗಳು: ಆಡಳಿತ ಮತ್ತು ಬೆಲೆ

ಹಾನಗಲ್ಲ ತಾಲೂಕಿನ ದಕ್ಷಿಣ ಭಾಗದ ತಿಳವಳ್ಳಿಯು ಇತಿಹಾಸಾಸಕ್ತರಿಗೆ ಅಲ್ಲಿಯ ಶಾಂತೇಶ್ವರ ದೇವಾಲಯದ ಮೂಲಕ ಪರಿಚಿತವಾದ ಊರು. ಸೇವುಣರ ಅರಸನಾದ ಇಮ್ಮಡಿ ಸಿಂಘಣನ ಆಳ್ವಿಕೆಯಲ್ಲಿ, ಕ್ರಿ. ಶ. 1238-39 ರಲ್ಲಿ, ಸಾವಂತ ಠಕ್ಕುರನು ಕಟ್ಟಿಸಿದ ಈ ದೇವಾಲಯದ ಶಿಲ್ಪವನ್ನು ಕುರಿತು ವಿದ್ವಾಂಸರು ಬರೆದಿದ್ದಾರೆ. ಕಂಬಗಳ ನುಣುಪನ್ನೂ ಶಿಖರದ ರೀತಿಯನ್ನೂ ವರ್ಣಿಸಿದ್ದಾರೆ. ಆದರೆ ಇಂತಹ ದೇವಾಲಯವೊಂದರ ನಿತ್ಯನೈವೇದ್ಯದ ಅಕ್ಕಿ ಯಾವ ಗದ್ದೆಯಲ್ಲಿ ಬೆಳೆಯಿತು, ಆ ಗದ್ದೆಗೆ ಯಾವ ಕೆರೆಯ ನೀರು ಹರಿಯಿತು, ಆ ಕೆರೆಯ ಏರಿ ಕುಸಿದಾಗ ಮಣ್ಣು ಹೊತ್ತವರು ಯಾರು, ಹೊರಿಸಿದವರು ಯಾರು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ವಿರಳ. ಶಿಲ್ಪಕ್ಕೆ ಸಿಕ್ಕ ಮನ್ನಣೆ ಕೆರೆಗೆ ಸಿಕ್ಕಿಲ್ಲ. ಹಾಗೆ ನೋಡಿದರೆ ಕೆರೆಯಿಲ್ಲದೆ ಈ ಸೀಮೆಯಲ್ಲಿ ದೇವಾಲಯವೂ ಇಲ್ಲ, ಮಠವೂ ಇಲ್ಲ.

ತಿಳವಳ್ಳಿ, ಹಾನಗಲ್ಲು, ಹಿರೇಕೆರೂರು ಈ ಭಾಗವೆಲ್ಲ ಮಲೆನಾಡಿನ ಸೆರಗು. ಪಶ್ಚಿಮದ ದಟ್ಟ ಅಡವಿ ಇಲ್ಲಿ ತೆಳುವಾಗುತ್ತ ಬಂದು, ಪೂರ್ವಕ್ಕೆ ಹೋದಂತೆ ಬಯಲುಸೀಮೆ ತೆರೆದುಕೊಳ್ಳುತ್ತದೆ. ಮುಂಗಾರಿನ ಮಳೆ ಹುಯ್ದಾಗ ಸಾಕೆನಿಸುವಷ್ಟು ಹುಯ್ಯುತ್ತದೆ. ಭತ್ತ ಹೊಡೆ ತುಂಬುವ ಹೊತ್ತಿಗೆ ಕೈಕೊಡುವುದೂ ಉಂಟು. ಮಳೆ ನಿಂತ ದಿನದಿಂದ ತೆನೆ ಮಾಗುವ ದಿನದವರೆಗಿನ ಆ ಕೆಲವು ವಾರಗಳನ್ನು ದಾಟಿಸುವುದೇ ಕೆರೆಯ ಕೆಲಸ. ಆದ್ದರಿಂದಲೇ ಇಲ್ಲಿ ಒಂದು ಹಳ್ಳಕ್ಕೆ ಒಂದರ ಕೆಳಗೊಂದರಂತೆ ಕೆರೆಗಳು, ಮೇಲಿನದರ ಕೋಡಿ ಹರಿದು ಕೆಳಗಿನದನ್ನು ತುಂಬುವಂತೆ ಏರ್ಪಾಡು. ಹಾನಗಲ್ಲಿನ ಸುತ್ತ ಧರ್ಮಾ ನದಿಯ ಕಾಲುವೆ ಅನೇಕ ಕೆರೆಗಳಿಗೆ ನೀರುಣಿಸುತ್ತ ಬಂದಿದೆ. 1884 ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರು ಹಾನಗಲ್ಲು ಹಾಗೂ ಅಂದಿನ ಕೋಡ ತಾಲೂಕನ್ನು, ಎಂದರೆ ಇಂದಿನ ಹಿರೇಕೆರೂರು ಭಾಗವನ್ನು, ಕೆರೆಗಳ ನಾಡೆಂದೇ ಕಾಣುತ್ತದೆ.

ಇಂತಹ ಕೆರೆಯೊಂದರ ಬೆಲೆಯೆಷ್ಟು? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೂ ಅರ್ಥಶಾಸ್ತ್ರಜ್ಞರು ಇದನ್ನು ಗಂಭೀರವಾಗಿಯೇ ಕೇಳಿದ್ದಾರೆ. 1989 ರಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ತೈಲದ ಹಡಗು ಅಲಾಸ್ಕಾದ ತೀರದಲ್ಲಿ ಬಂಡೆಗೆ ಬಡಿದು ಕಡಲೆಲ್ಲ ಎಣ್ಣೆಯಾದಾಗ, ಮಾರುಕಟ್ಟೆಯಲ್ಲಿ ಬಿಕರಿಗಿಲ್ಲದ ಆ ಕಡಲಿಗೂ ಅದರ ಜೀವಿಗಳಿಗೂ ಬೆಲೆ ಕಟ್ಟುವುದು ಹೇಗೆಂಬ ವಾದ ಎದ್ದಿತು. ಜನರನ್ನೇ ಕೇಳೋಣ, ಇದನ್ನು ಉಳಿಸಲು ನೀವು ಎಷ್ಟು ಕೊಡುವಿರಿ ಎಂದು ಕೇಳೋಣ ಎಂಬುದು ಒಂದು ಪಕ್ಷ. ಈ ವಿಧಾನವನ್ನು ಪರಿಶೀಲಿಸಲು ನೇಮಕವಾದ, ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಎಂಬ ನೊಬೆಲ್ ಪುರಸ್ಕೃತರ ನೇತೃತ್ವದ ಸಮಿತಿಯು 1993 ರಲ್ಲಿ, ಬರಿದೆ ಎಷ್ಟು ಕೊಡುವಿರಿ ಎಂದು ಕೇಳಬಾರದು, ಇಂತಹ ಕಾರ್ಯಕ್ಕೆ ಇಂತಿಷ್ಟು ಕರ ಹಾಕಿದರೆ ಮತ ನೀಡುವಿರಾ ಎಂದು ಕೇಳಬೇಕು ಎಂದು ಸಲಹೆ ಮಾಡಿತು. ಇದರಲ್ಲಿ ಅಡಗಿದ ತಥ್ಯ ನಮ್ಮ ಹಳ್ಳಿಯ ಯಾವ ಹಿರಿಯನಿಗೂ ಗೊತ್ತಿದ್ದದ್ದೇ. ಯಾರ ಕೈಗೆ ಕೊಡಬೇಕು, ಕೊಟ್ಟದ್ದು ಕೆರೆಗೇ ಮುಟ್ಟುವುದೇ, ನೆರೆಯವನೂ ಕೊಡುತ್ತಾನೆಯೇ, ಇವು ಗೊತ್ತಾಗುವವರೆಗೆ ಕೆರೆಯ ಬೆಲೆ ಎಷ್ಟೆಂದು ಯಾರೂ ಹೇಳಲಾರರು. ನೀರು ಅದೇ, ಏರಿ ಅದೇ. ಕೆರೆಯನ್ನು ಹಿಡಿದ ಕೈ ಬದಲಾದಂತೆ ಅದರ ಬೆಲೆ ಬದಲಾಗಿದೆ. ಈ ಮಾತನ್ನು ನಮ್ಮ ಸೀಮೆಯ ಚರಿತ್ರೆಯಿಂದಲೇ ಪರೀಕ್ಷಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡ ನಾಡಿನ ಕೆರೆಗಳ ಚರಿತ್ರೆಯ ಒಂದು ಹಳೆಯ ಪುಟ ತಿಳವಳ್ಳಿಗೆ ಬಹು ದೂರವಲ್ಲದ ತಾಳಗುಂದದಲ್ಲಿದೆ. ಕುಬ್ಜನೆಂಬ ಕವಿ ರಚಿಸಿ, ಐದನೆಯ ಶತಮಾನದಲ್ಲಿ ಕದಂಬ ಶಾಂತಿವರ್ಮನ ಕಾಲದಲ್ಲಿ ನಿಲ್ಲಿಸಿದ ಆ ಸ್ತಂಭಶಾಸನವನ್ನು ನಾವು ಸಾಮಾನ್ಯವಾಗಿ ಮಯೂರಶರ್ಮನ ಕಥೆಗಾಗಿ ಓದುತ್ತೇವೆ. ಆದರೆ ಶಾಸನ ಹುಟ್ಟಿದ ನಿಮಿತ್ತ ಬೇರೆ: ಅಲ್ಲಿಯ ಶಿವಾಲಯದ ಬಳಿ ಕಾಕುಸ್ಥವರ್ಮನು ಕಟ್ಟಿಸಿದ ಕೆರೆ. ಒಂದು ರಾಜವಂಶದ ಉಗಮದ ಕಥೆ ನಮಗೆ ಉಳಿದುಬಂದದ್ದು ಒಂದು ಕೆರೆಯ ನೆಪದಿಂದ ಎಂಬುದು ಗಮನಾರ್ಹ. ಕೆರೆ ಮತ್ತು ದೇವಾಲಯ ಆಗಲೇ ಜೊತೆಯಾಗಿವೆ. ಕೆರೆ ಕಟ್ಟಿಸಿದವನ ಕೀರ್ತಿಗೆ ದೇವರು ಸಾಕ್ಷಿ.

ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಈ ಜೊತೆ ಬಿಗಿಯಾಗುತ್ತದೆ. ಆಚಾರ್ಯರ ಕಾಲು ತೊಳೆದು, ಧಾರೆಯೆರೆದು ಬಿಟ್ಟ ಭೂಮಿ ಎಲ್ಲಿದೆಯೆಂದು ಹೇಳುವಾಗ ಶಾಸನಗಳು ಮತ್ತೆ ಮತ್ತೆ ಇಂತಹ ಕೆರೆಯ ಕೆಳಗೆ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಹೇಳುತ್ತವೆ. ಎಂದರೆ ನೀರಿಲ್ಲದ ನೆಲವನ್ನು ದೇವರಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಜಾಣತನ ಎಲ್ಲೆಡೆ ಇರಲಿಲ್ಲ! ಕೆರೆಗೇ ನೇರವಾಗಿ ಬಿಟ್ಟ ದತ್ತಿಗಳೂ ಇವೆ. ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ ಎಂಬ ಪದಗಳು ಶಾಸನಗಳಲ್ಲಿ ಹೇರಳವಾಗಿವೆ. ಕೆರೆಯನ್ನು ಕಟ್ಟಿದವನಿಗೆ ಅಥವಾ ಕಾಯ್ದುಕೊಂಡು ಬರುವವನಿಗೆ, ಆ ಕೆರೆಯ ನೀರಿನಿಂದಲೇ ಬೆಳೆಯುವ ಗದ್ದೆಯ ಒಂದು ಪಾಲು ಸಲ್ಲುತ್ತಿತ್ತು. ಇದರ ಯುಕ್ತಿಯನ್ನು ಗಮನಿಸಬೇಕು. ಏರಿ ಒಡೆದರೆ ಊರಿನ ಗದ್ದೆಯಂತೆ ಅವನ ಗದ್ದೆಯೂ ಒಣಗುವುದು. ಸಂಬಳಕ್ಕೆ ಕಾಯುವವನಿಗೂ ಪಾಲಿಗೆ ಕಾಯುವವನಿಗೂ ಇರುವ ವ್ಯತ್ಯಾಸ ಇದು. ಇನ್ನು ಶಾಸನಗಳ ಕೊನೆಗೆ ಬರುವ ಶಾಪಾಶಯ: ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕಪಿಲೆಯ ಹಸುಗಳನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂಬ ಎಚ್ಚರಿಕೆ. ನ್ಯಾಯಾಲಯ ದೂರವಿದ್ದ ಕಾಲದಲ್ಲಿ ಆ ಮಾತಿಗೆ ಇದ್ದ ತೂಕವನ್ನು ನಾವಿಂದು ಅಳೆಯಲಾರೆವು.

ಮಠಗಳ ಪಾತ್ರವನ್ನು ತಿಳಿಯಲು ಬಳ್ಳಿಗಾವೆಗಿಂತ ಉತ್ತಮ ನಿದರ್ಶನ ಬೇಡ. ಅಲ್ಲಮಪ್ರಭುವಿನ ಹುಟ್ಟೂರೆಂದು ನಾವೆಲ್ಲ ಭಕ್ತಿಯಿಂದ ನೆನೆಯುವ ಆ ಊರಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖರ ಮಠ ಕೋಡಿಯ ಮಠವೆಂದು ಪ್ರಸಿದ್ಧವಾಗಿತ್ತು. ಹೆಸರೇ ಅದರ ನೆಲೆಯನ್ನು ಹೇಳುತ್ತದೆ. ಕೆರೆ ತುಂಬಿ ಹೆಚ್ಚಾದದ್ದು ಎಲ್ಲಿ ಹೊರಬೀಳುವುದೋ ಅದು ಕೋಡಿ. 1162 ರ ಶಾಸನವು ಈ ಮಠವನ್ನು ವಿದ್ಯೆಯ ನೆಲೆಯೆಂದೂ, ದೀನರು, ಅಂಗವಿಕಲರು, ದಾರಿಹೋಕರು ಉಣ್ಣುವ ತಾಣವೆಂದೂ, ರೋಗಿಗಳಿಗೆ ಮದ್ದು ದೊರೆಯುವ ಸ್ಥಳವೆಂದೂ, ಎಲ್ಲ ಜೀವಿಗಳಿಗೂ ಅಭಯವೆಂದೂ ಬಣ್ಣಿಸುತ್ತದೆ. ತುಂಬಿದ್ದು ಹೊರಗೆ ಹರಿಯುವ ಜಾಗದಲ್ಲಿ ಕುಳಿತ ಮಠ ಉಣಬಡಿಸುವ ಮಠವೂ ಆಗಿತ್ತು. ಬಳ್ಳಿಗಾವೆಯಲ್ಲಿ ಉಂಡು ಹೋದ ಪಥಿಕನಿಗೆ ಕೆರೆಯ ಬೆಲೆ ಅನ್ನದ ರೂಪದಲ್ಲಿ ತಿಳಿಯುತ್ತಿತ್ತು. ಅದನ್ನು ಬೇರೆ ರೀತಿಯಲ್ಲಿ ತಿಳಿಸಬೇಕಾದ ಅವಶ್ಯಕತೆ ಇರಲಿಲ್ಲ.

ರಾಜರಿಗೆ ಕೆರೆಯ ಬೆಲೆ ಬೇರೆ ಬಗೆಯಿಂದಲೂ ಗೊತ್ತಿತ್ತು. ಹೊಯ್ಸಳ ಇಮ್ಮಡಿ ಬಲ್ಲಾಳನು 1196 ರಲ್ಲಿ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ದಂಡು ಬಿಟ್ಟದ್ದು ಊರ ಪಶ್ಚಿಮಕ್ಕಿರುವ ಆನಿಕೆರೆಯ ಬಳಿ ಎಂದು ವೀರಗಲ್ಲಿನಿಂದ ತಿಳಿದುಬರುತ್ತದೆ. ಕುದುರೆಗೂ ಕಾಲಾಳಿಗೂ ನೀರು ಬೇಕಷ್ಟೆ. ಕೆರೆ ಹಿಡಿದವನು ಊರು ಹಿಡಿದಂತೆ. ಆ ಸಲವಾದರೂ ಹಾನಗಲ್ಲು ಹಾಗೆ ಸುಲಭಕ್ಕೆ ಬಗ್ಗಲಿಲ್ಲ. ಕದಂಬ ಕಾಮದೇವನ ಪಡೆ ಮುತ್ತಿಗೆಯನ್ನು ಹಿಮ್ಮೆಟ್ಟಿಸಿತು.

ಇಷ್ಟರಿಂದ ಹಿಂದಿನದೆಲ್ಲ ಧರ್ಮರಾಜ್ಯವಾಗಿತ್ತೆಂದು ತೀರ್ಮಾನಿಸುವುದು ಅವಸರವಾದೀತು. ಪುಣ್ಯದ ಲೆಕ್ಕದಲ್ಲಿ ಕೆರೆಗೆ ಬೆಲೆ ಕಟ್ಟುವ ಪದ್ಧತಿಯನ್ನು ನಮ್ಮ ಶರಣರೇ ಪ್ರಶ್ನಿಸಿದ್ದಾರೆ. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿ, ದೇಗುಲ ಎತ್ತಿಸಿ, ಲೋಕೋಪಕಾರದಲ್ಲಿ ಮುಳುಗಿದ್ದಾಗ ಅಲ್ಲಮಪ್ರಭು ಅಲ್ಲಿಗೆ ಬಂದು ಅವನನ್ನು ಎದುರುಗೊಂಡ ಪ್ರಸಂಗ ಶೂನ್ಯಸಂಪಾದನೆಗಳಲ್ಲಿ ವಿಸ್ತಾರವಾಗಿ ಬಂದಿದೆ. ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ. ಕೆರೆಯನ್ನು ನಾನು ಕಟ್ಟಿಸಿದೆನೆಂಬ ಕರ್ತೃತ್ವದ ಮೇಲೆ. ಸಿದ್ಧರಾಮನು ಕಲ್ಯಾಣಕ್ಕೆ ಬಂದು, ದೀಕ್ಷೆ ಹೊಂದಿ, ಶಿವಯೋಗಿಯಾದನು. ಸೊಲ್ಲಾಪುರದ ಕೆರೆಯಾದರೋ ಉಳಿಯಿತು. ಅದರ ನಡುವೆ ಸಿದ್ಧರಾಮೇಶ್ವರನ ಗುಡಿ ಇಂದಿಗೂ ಇದೆ. ಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಕರ್ಮ ಮತ್ತು ಜ್ಞಾನಗಳ ವಾದವಾಗಿ ಓದುವುದು ರೂಢಿ. ಕೆರೆಯ ಆಡಳಿತದ ಕಣ್ಣಿನಿಂದ ಓದಿದರೆ ಬೇರೊಂದು ಅರ್ಥವೂ ಹೊಳೆಯುತ್ತದೆ. ಕಟ್ಟಿಸಿದವನ ಕೀರ್ತಿಗೆ ಅಂಟಿಕೊಂಡ ಕೆರೆಯ ಬೆಲೆ ಅವನ ಕೀರ್ತಿಯ ಆಯುಷ್ಯದಷ್ಟೇ. ಆ ಕೀರ್ತಿಯಿಂದ ಬಿಡುಗಡೆ ಹೊಂದಿ ಎಲ್ಲರ ಕಾಯಕಕ್ಕೆ ಸೇರಿದ ಕೆರೆ ಹೆಚ್ಚು ಕಾಲ ಬಾಳುತ್ತದೆ. ಕಾಯಕ ಮತ್ತು ದಾಸೋಹಗಳ ತತ್ತ್ವವನ್ನು ಕೆರೆಯ ಏರಿಯ ಮೇಲೆ ನಿಂತು ಯೋಚಿಸಿದವರು ಕಡಿಮೆ.

ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಹೆಣ್ಣುಮಕ್ಕಳ ಹಾಡು ಎತ್ತಿದೆ. ‘ಕೆರೆಗೆ ಹಾರ’ ಎಂಬ ಕಥನಗೀತವನ್ನು ತಿಳಿಯದ ಕನ್ನಡಿಗರಿಲ್ಲ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ಹನಿ ನೀರು ಬಾರದಾಗ ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡುವುದೆಂದು ನಿಶ್ಚಯವಾಗುತ್ತದೆ. ನಿಶ್ಚಯಿಸಿದವರು ಮನೆಯ ಯಜಮಾನರು, ತೆತ್ತವಳು ಸೊಸೆ. ಊರಿನ ಪಾಲಿಗೆ ಕೆರೆಯ ಬೆಲೆ ಒಂದು ಜೀವ ಎಂದು ಯಾರೋ ಗೊತ್ತುಮಾಡಿದರು, ಆ ಜೀವ ಅವರದಾಗಿರಲಿಲ್ಲ. ಗಂಡ ಮಾದೇವರಾಯನೂ ಕೊನೆಗೆ ಅದೇ ಕೆರೆಗೆ ಹಾರವಾದನೆಂದು ಹಾಡು ಮುಗಿಯುತ್ತದೆ. ಇದನ್ನು ತ್ಯಾಗದ ಗೀತವೆಂದು ಶಾಲೆಗಳಲ್ಲಿ ಕಲಿಸುತ್ತ ಬಂದಿದ್ದೇವೆ. ನನಗೆ ಇದು ಆಡಳಿತದ ಗೀತವೆಂದೂ ತೋರುತ್ತದೆ. ನಿರ್ಣಯಿಸುವವರು ಬೇರೆ, ತೆರುವವರು ಬೇರೆ ಆದಾಗ ಬೆಲೆಯ ಮಾತಿಗೆ ಮಿತಿಯೇ ಇರುವುದಿಲ್ಲ. ಮಣ್ಣು ಹೊತ್ತ ವಡ್ಡರ ಹೆಸರು, ನಡುರಾತ್ರಿ ಎದ್ದು ತೂಬು ನೋಡುತ್ತಿದ್ದ ನೀರುಗಂಟಿಯ ಹೆಸರು ಯಾವ ಶಾಸನದಲ್ಲಾದರೂ ಮೊದಲ ಸಾಲಿಗೆ ಬಂದದ್ದುಂಟೆ? ನೀರುಗಂಟಿಗೆ ಕಣದಲ್ಲಿ ಆಯ ಸಲ್ಲುತ್ತಿತ್ತು, ನಿಜ. ಆದರೆ ಆ ಕೆಲಸ ಹುಟ್ಟಿನಿಂದ ಅಂಟಿದ್ದು. ಆತ ಒಲ್ಲೆನೆನ್ನುವಂತಿರಲಿಲ್ಲ, ಮತ್ತು ಆತನೇ ಕಾಯ್ದ ಕೆರೆಯ ಮೆಟ್ಟಿಲನ್ನು ಆತ ಇಳಿಯುವಂತಿಲ್ಲದ ಊರುಗಳೂ ಇದ್ದವು.

ಈ ದೋಷಗಳ ನಡುವೆಯೂ ಹಳೆಯ ವ್ಯವಸ್ಥೆಯಲ್ಲಿ ಒಂದು ಗುಣವಿತ್ತು. ಅದನ್ನು ಸ್ಪಷ್ಟವಾಗಿ ಹೇಳುವ ಶಾಸನ ನಮ್ಮ ಸೀಮೆಯದಲ್ಲ, ಕಡಪಾ ಜಿಲ್ಲೆಯ ಪೋರುಮಾಮಿಳ್ಳದ್ದು. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗ ಭಾಸ್ಕರ ಅಥವಾ ಭವದೂರನು 1369 ರಲ್ಲಿ ಕಟ್ಟಿಸಿದ ಆ ಕೆರೆಗೆ ಸಾವಿರ ಆಳು ಎರಡು ವರ್ಷ ದುಡಿದರೆಂದು, ಕಲ್ಲು ಹೇರಲು ನೂರು ಬಂಡಿಗಳಿದ್ದವೆಂದು ಶಾಸನ ತಿಳಿಸುತ್ತದೆ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು, ಕೆರೆಯ ನಡುವೆ ಆಮೆಯ ಬೆನ್ನಿನಂತಹ ದಿಬ್ಬ, ನೀರು ಕಡಿಮೆಯಿದ್ದು ಹರವು ಹೆಚ್ಚಾಗಿರುವುದು, ಹರವು ಕಡಿಮೆಯಿದ್ದು ನೀರು ಹೆಚ್ಚಾಗಿರುವುದು, ಇವೆಲ್ಲ ಯಾವ ಎಂಜಿನಿಯರನಾದರೂ ಒಪ್ಪುವ ಮಾತು. ಉಳಿದ ಇನ್ನೊಂದು ದೋಷ ಮಣ್ಣಿನದೂ ಅಲ್ಲ, ನೀರಿನದೂ ಅಲ್ಲ: ಕೆರೆಯು ಎರಡು ರಾಜ್ಯಗಳ ಗಡಿಯಲ್ಲಿ ಇರುವುದು. ಒಬ್ಬನ ಸೀಮೆಯಲ್ಲಿ ಏರಿ, ಇನ್ನೊಬ್ಬನ ಸೀಮೆಯಲ್ಲಿ ಅಂಗಳವಾದರೆ ಆ ಕೆರೆ ಎಷ್ಟೇ ಭದ್ರವಾಗಿದ್ದರೂ ಕೆಡುತ್ತದೆ ಎಂಬುದು ಆರುನೂರ ಐವತ್ತು ವರ್ಷಗಳ ಹಿಂದಿನ ನಮ್ಮ ಜಲಶಾಸ್ತ್ರಜ್ಞರ ಅಭಿಪ್ರಾಯ. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನಮ್ಮ ಸೀಮೆಯಲ್ಲಿ ವಿಜಯನಗರದ ಕಾಲದ ಮಹಾಕಾರ್ಯವೆಂದರೆ ಹಿರೇಕೆರೂರು ಭಾಗದ ಮದಗ-ಮಾಸೂರು ಕೆರೆ. ಕುಮುದ್ವತಿ ನದಿಯು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಹಾಯುವ ಕಡೆ ಏರಿ ಹಾಕಿ ಕಟ್ಟಿದ ಅದು ಒಂದು ಕಾಲಕ್ಕೆ ದಕ್ಷಿಣ ಭಾರತದ ದೊಡ್ಡ ಕೆರೆಗಳ ಸಾಲಿನಲ್ಲಿತ್ತು. ಆ ಏರಿಗಳ ಗಾತ್ರವನ್ನು ಕಂಡು ಬ್ರಿಟಿಷ್ ಎಂಜಿನಿಯರರು ಬೆರಗಾದರು. ಹಳೆಯ ಕೆರೆ ಎಂದೋ ಒಡೆದುಹೋಗಿತ್ತು. ಅದರ ಒಂದು ಭಾಗವನ್ನಷ್ಟೇ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಳಕೆಗೆ ತಂದರು. ಅಲ್ಲಿಯ ಕೆಂಚಮ್ಮನ ಹೆಸರಿನಲ್ಲಿ ಜನ ಹಾಡುವ ಹಾಡು ಮಾತ್ರ ಎಂದೂ ಒಡೆಯಲಿಲ್ಲ.

1818 ರಲ್ಲಿ ಪೇಶ್ವೆಯ ಆಡಳಿತ ಮುಗಿದು ಧಾರವಾಡ ಸೀಮೆ ಕಂಪನಿ ಸರಕಾರಕ್ಕೆ ಸೇರಿತು. ಇಲ್ಲಿಂದ ಕೆರೆಯ ಚರಿತ್ರೆಯ ಇನ್ನೊಂದು ಅಧ್ಯಾಯ. ಹೊಸ ಸರಕಾರ ಕೆರೆಗಳನ್ನು ಕಡೆಗಣಿಸಿತೆಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ. ಅನೇಕ ಕೆರೆಗಳನ್ನು ದುರಸ್ತಿ ಮಾಡಿಸಿತು, ಅಳತೆ ಮಾಡಿಸಿತು, ನಕಾಶೆ ಬರೆಸಿತು. ಅದು ಮಾಡಿದ ಬದಲಾವಣೆ ಸೂಕ್ಷ್ಮವಾದದ್ದು. ರಯತವಾರಿ ಪದ್ಧತಿಯಲ್ಲಿ ಪ್ರತಿಯೊಬ್ಬ ಒಕ್ಕಲಿಗನೂ ತನ್ನ ಸರ್ವೆ ನಂಬರಿಗೆ ತಾನೇ ಸರಕಾರಕ್ಕೆ ನೇರ ಹೊಣೆಗಾರನಾದನು. ಕೆರೆಯ ಕೆಳಗಿನ ಗದ್ದೆಗೆ ತರಿಯ ದರದಲ್ಲಿ, ಖುಷ್ಕಿಗಿಂತ ಹೆಚ್ಚಾಗಿ, ನೀರಿನ ಬೆಲೆಯೂ ಸೇರಿದಂತೆ ಆಕಾರ ಗೊತ್ತಾಯಿತು. ಒಕ್ಕಲಿಗನ ತರ್ಕವೂ ಅದಕ್ಕೆ ತಕ್ಕಂತೆ ಬದಲಾಯಿತು: ನೀರಿನ ಹಣವನ್ನು ಸರಕಾರ ಎತ್ತಿಕೊಂಡ ಮೇಲೆ ಏರಿಗೆ ಮಣ್ಣು ಹಾಕುವುದೂ ಸರಕಾರದ ಕೆಲಸವೇ. ಇದರಲ್ಲಿ ತಪ್ಪೇನಿದೆ? ಅವನಿಗೆ ಕೆರೆ ಈಗ ಪಾಲೂ ಅಲ್ಲ, ಪುಣ್ಯವೂ ಅಲ್ಲ. ಕಂದಾಯದ ರಸೀದಿಯಲ್ಲಿ ಅಡಗಿದ ಒಂದು ಅಂಕಿ.

ಅದೇ ಕಾಲದಲ್ಲಿ ಇನಾಮುಗಳ ವಿಚಾರಣೆ ನಡೆಯಿತು. 1852 ರ ಕಾಯದೆಯೂ 1863 ರ ಕಾಯದೆಯೂ ದೇವರ, ಮಠಗಳ ಮತ್ತು ಸೇವೆಯ ಭೂಮಿಗಳ ಹಕ್ಕುಗಳನ್ನು ಶೋಧಿಸಿ ಪಟ್ಟಿ ಮಾಡಿದವು. ಹಕ್ಕು ಬರಹಕ್ಕೆ ಬಂದಿತು. ಹಕ್ಕಿನೊಡನೆ ಹೆಣೆದುಕೊಂಡಿದ್ದ ಕೆರೆಯ ಕರ್ತವ್ಯ ಬರಹಕ್ಕೆ ಬರಲಿಲ್ಲ. ನೆರೆಯ ಪ್ರಾಂತಗಳಲ್ಲಿ ಸರಕಾರಗಳು ಆ ಕರ್ತವ್ಯವನ್ನು ಮರಳಿ ಕಟ್ಟಲು ಯತ್ನಿಸದೆ ಇರಲಿಲ್ಲ. ಮದರಾಸಿನಲ್ಲಿ 1858 ರ ಕಡ್ಡಾಯ ದುಡಿಮೆಯ ಕಾನೂನು, ಮೈಸೂರಿನಲ್ಲಿ 1911 ರ ಕೆರೆ ಪಂಚಾಯಿತಿ ಕಾನೂನು ಈ ದಿಸೆಯವು. ಮುಂಬಯಿ ಪ್ರಾಂತದ 1879 ರ ನೀರಾವರಿ ಕಾಯದೆ ಮುಖ್ಯವಾಗಿ ಸರಕಾರದ ಕಾಲುವೆಗಳ ದೃಷ್ಟಿಯಿಂದ ಹುಟ್ಟಿದ್ದು. ದಂಡದ ಭಯದಿಂದ ಜನ ಏರಿಗೆ ಬಂದಾರು, ಆದರೆ ಬಂದವರು ಬುಟ್ಟಿಯ ಲೆಕ್ಕ ಮಾಡುತ್ತಾರೆಯೇ ಹೊರತು ಕೆರೆಯ ಲೆಕ್ಕ ಮಾಡುವುದಿಲ್ಲ.

ಸ್ವಾತಂತ್ರ್ಯಾನಂತರ 1961 ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯದೆ ಬಂದಿತು. ಹುಟ್ಟಿನಿಂದ ಅಂಟಿದ ಬಿಟ್ಟಿ ಚಾಕರಿ ಅಳಿಯಿತು. ಇದು ನ್ಯಾಯವಾದ ಕಾರ್ಯ. ಬಸವಣ್ಣನವರ ಹೆಸರು ಹೇಳುವವರು ಇದನ್ನು ಎಂದೋ ಮಾಡಬೇಕಾಗಿತ್ತು. ಆದರೆ ಆ ಮನುಷ್ಯನನ್ನು ಬಿಡುಗಡೆ ಮಾಡಿದ ಊರು ಅವನ ಕೆಲಸವನ್ನು ಯಾರು ಮಾಡಬೇಕೆಂದು ಯೋಚಿಸಲಿಲ್ಲ. ಗೌಡರ ಮನೆಯವರು ಸರದಿಯ ಮೇಲೆ ತೂಬು ಕಾಯಲು ಮುಂದೆ ಬಂದರೆಂದು ಕೇಳಿದ್ದುಂಟೆ? 1965 ರ ಕರ್ನಾಟಕ ನೀರಾವರಿ ಕಾಯದೆಯ ನಂತರ ಕೆರೆಗಳ ಭಾರ ಪೂರ್ತಿಯಾಗಿ ಇಲಾಖೆಗಳ ಮೇಲೆ ಬಿದ್ದಿತು. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಜಿಲ್ಲಾ ಪಂಚಾಯಿತಿಗೆ ಎಂದು ಹಂಚಿಕೆ. ಕೆರೆಯ ಅಂಗಳದ ಒತ್ತುವರಿ ಕಂದಾಯ ಇಲಾಖೆಯ ವಿಷಯ, ನೀರು ಬರುವ ಮೇಲಿನ ಕಾಡು ಅರಣ್ಯ ಇಲಾಖೆಯದು, ಮೀನಿನ ಹರಾಜು ಮೀನುಗಾರಿಕೆಯವರದು ಅಥವಾ ಪಂಚಾಯಿತಿಯದು, ತಳದ ಮಣ್ಣು ಮರಳು ಮತ್ತೊಂದು ಇಲಾಖೆಯದು. ಪೋರುಮಾಮಿಳ್ಳದ ಶಾಸನ ಹೇಳಿದ ದೋಷ ಇಲ್ಲಿ ಪೂರ್ಣರೂಪ ತಾಳಿದೆ. ಇಂದು ಕರ್ನಾಟಕದ ಪ್ರತಿಯೊಂದು ಕೆರೆಯೂ ಎರಡಲ್ಲ, ನಾಲ್ಕೈದು ರಾಜ್ಯಗಳ ಗಡಿಯಲ್ಲಿದೆ.

ಇದರ ಪರಿಣಾಮ ಜನರ ಮನಸ್ಸಿನ ಮೇಲೆ ಏನಾಯಿತೆಂಬುದೇ ನಮಗೆ ಮುಖ್ಯ. ಹರಾಜು ಹಿಡಿದವನಿಗೆ ಕೆರೆಯೆಂದರೆ ಈ ವರ್ಷದ ಮೀನು. ಬೇಸಿಗೆಗೆ ಮುನ್ನ ನೀರು ಇಳಿದಷ್ಟೂ ಅವನಿಗೆ ಬಲೆ ಹಾಕುವುದು ಸುಲಭ, ನೀರು ನಿಂತಷ್ಟೂ ಗದ್ದೆಯವನಿಗೆ ಲಾಭ. ಇಟ್ಟಿಗೆ ಭಟ್ಟಿಯವನಿಗೆ ಕೆರೆ ಮಣ್ಣಿನ ಗಣಿ. ಗುತ್ತಿಗೆದಾರನಿಗೆ ಅದು ಅಂದಾಜುಪತ್ರ. ಒಂದು ಕಾಲಕ್ಕೆ ಬೇಸಿಗೆಯಲ್ಲಿ ರೈತರು ಚಕ್ಕಡಿ ಕಟ್ಟಿ ಕೆರೆಯ ಗೋಡನ್ನು ಹೊಲಕ್ಕೆ ಹೇರುತ್ತಿದ್ದರು. ಹೊಲಕ್ಕೆ ಗೊಬ್ಬರ, ಕೆರೆಗೆ ಆಳ, ಎರಡೂ ಒಂದೇ ದುಡಿಮೆಯಲ್ಲಿ ಸಿಗುತ್ತಿದ್ದವು. ಚೀಲದ ಗೊಬ್ಬರ ಬಂದು ಚಕ್ಕಡಿ ನಿಂತಿತು. ಹೂಳು ಎತ್ತುವುದು ಈಗ ಲಕ್ಷಗಳ ಕಾಮಗಾರಿ. ಕೊಳವೆಬಾವಿ ಬಂದ ಮೇಲಂತೂ ಅಡಿಕೆ ತೋಟದವನು ಕೆರೆಯ ಕಡೆ ಮುಖ ತಿರುಗಿಸದೆಯೂ ಬದುಕಬಲ್ಲನೆಂಬ ಭ್ರಮೆ ಹುಟ್ಟಿತು. ಬಾವಿಯ ಸೆಲೆಗೂ ಕೆರೆಯ ತುಂಬಿಗೂ ಇರುವ ನಂಟು ಅವನಿಗೆ ತಿಳಿಯದೆಂದಲ್ಲ. ಬಾವಿ ಅವನದು, ಕೆರೆ ಯಾರದೋ. ಕೆರೆ ತುಂಬಿದಾಗ ಊರ ಮುತ್ತೈದೆಯರು ಕೂಡಿ ಅರ್ಪಿಸುತ್ತಿದ್ದ ಬಾಗಿನವನ್ನು ಕೂಡ ಈಗ ಹಲವೆಡೆ ಜನಪ್ರತಿನಿಧಿಗಳು ಅಧಿಕಾರಿಗಳೊಡನೆ ಬಂದು ಅರ್ಪಿಸಿ ಹೋಗುತ್ತಾರೆ.

ಈ ಬಿರುಕನ್ನು ಕಂಡೇ 2002 ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನೆ ಆರಂಭವಾಯಿತು. ಹಾವೇರಿಯೂ ಅದರ ಜಿಲ್ಲೆಗಳಲ್ಲೊಂದು. ಊರಿನಲ್ಲಿ ಕೆರೆ ಬಳಕೆದಾರರ ಸಂಘ ರಚಿಸಿ, ದುರಸ್ತಿಯ ವೆಚ್ಚದಲ್ಲಿ ಒಂದು ಅಂಶವನ್ನು ಜನರೇ ಹಣ ಮತ್ತು ದುಡಿಮೆಯ ರೂಪದಲ್ಲಿ ಭರಿಸಿ, ಮುಂದೆ ಕೆರೆಯನ್ನು ಸಂಘವೇ ನಡೆಸಬೇಕೆಂಬುದು ಅದರ ಸೂತ್ರ. ಸಾಮುದಾಯಿಕ ಸಂಪತ್ತನ್ನು ಬಳಸುವವರೇ ನಿಯಮ ಮಾಡಿಕೊಂಡು ಕಾಯಬಲ್ಲರೆಂದು 1990 ರಲ್ಲಿ ಗ್ರಂಥ ಬರೆದು, 2009 ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಎಲಿನಾರ್ ಆಸ್ಟ್ರಮ್ ಅವರ ವಿಚಾರಕ್ಕೆ ಇದು ಹತ್ತಿರವಾದದ್ದು. ಆಸ್ಟ್ರಮ್ ಅವರು ಒಂದು ಷರತ್ತನ್ನೂ ಹೇಳಿದ್ದರು: ಜನ ಮಾಡಿಕೊಂಡ ನಿಯಮವನ್ನು ಮೇಲಿನ ಸರಕಾರ ಮನ್ನಿಸಬೇಕು. ವಂತಿಗೆ ಕೊಡುವಾಗ ಸಂಘದ್ದಾದ ಕೆರೆ ಮೀನಿನ ಹರಾಜಿನ ಹೊತ್ತಿಗೆ ಇನ್ನೊಬ್ಬರದಾದರೆ ಎರಡನೆಯ ಸಲ ವಂತಿಗೆ ಯಾರು ಕೊಟ್ಟಾರು?

ಇಲ್ಲಿ ಮಠಗಳ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು 2019 ರಲ್ಲಿ ಹಿರೇಹಳ್ಳದ ಶುದ್ಧೀಕರಣಕ್ಕೆ ಕೈಹಾಕಿದಾಗ ಸಾವಿರಾರು ಜನ ಹಣವನ್ನೂ ಯಂತ್ರಗಳನ್ನೂ ಮೈದುಡಿಮೆಯನ್ನೂ ನೀಡಿದರು. ಸಿರಿಗೆರೆಯ ತರಳಬಾಳು ಶ್ರೀಗಳ ಆಸ್ಥೆಯಿಂದ ಭರಮಸಾಗರದ ಕೆರೆಗೆ 2021 ರಲ್ಲಿ ತುಂಗಭದ್ರೆಯ ನೀರು ಬಂದಿತು. ಹಳ್ಳ ಮೊದಲೂ ಅಲ್ಲಿಯೇ ಇತ್ತು, ಜನರೂ ಅಲ್ಲಿಯೇ ಇದ್ದರು. ಕೊಡಲು ತಕ್ಕ ಕೈಯೊಂದು ಮುಂದೆ ಚಾಚಿದ್ದಷ್ಟೇ ಹೊಸದು. ನಮ್ಮ ಸೀಮೆಗೆ ಇದು ಅಪರಿಚಿತವಲ್ಲ. ಲಿಂಗೈಕ್ಯ ಹಾನಗಲ್ಲ ಕುಮಾರ ಶಿವಯೋಗಿಗಳು 1909 ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ಅವರ ಬಳಿ ಇದ್ದದ್ದು ಜೋಳಿಗೆ. ಜೋಳಿಗೆಗೆ ಬಿದ್ದದ್ದು ಎಲ್ಲಿ ಹೋಯಿತೆಂದು ಹಾಕಿದವನಿಗೆ ಕಾಣುತ್ತಿತ್ತು.

ಆದರೂ ಒಂದು ಶಂಕೆಯನ್ನು ಮುಚ್ಚಿಡಬಾರದು. ಗುರುಗಳ ಮಾತಿಗೆ ಒಂದು ಬೇಸಿಗೆ ಹೂಳು ಎತ್ತುವುದು ಬೇರೆ, ಮೂವತ್ತು ವರ್ಷ ಸರದಿಯ ಪ್ರಕಾರ ತೂಬು ಎತ್ತುವುದು ಬೇರೆ. ಮೊದಲನೆಯದಕ್ಕೆ ಭಕ್ತಿ ಸಾಕು. ಎರಡನೆಯದಕ್ಕೆ ನಿಯಮ ಬೇಕು, ಲೆಕ್ಕ ಬೇಕು, ತಪ್ಪಿದವನು ಭಕ್ತನಾದರೂ ದಂಡ ಹಾಕುವ ನಿಷ್ಠುರತೆ ಬೇಕು. ಮಠದ ಭಕ್ತರಲ್ಲದ ಒಕ್ಕಲುಗಳೂ ಅದೇ ಕೆರೆಯ ಕೆಳಗಿವೆ. ಅವರ ಪಾಲಿನ ನೀರು ಯಾರ ಕೃಪೆಯೂ ಅಲ್ಲ. ಕೋಡಿಯ ಮಠದ ಶಾಸನ ಉಣ್ಣುವವರ ಪಟ್ಟಿಯಲ್ಲಿ ಯಾರನ್ನೂ ಬಿಟ್ಟಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಇದೆಲ್ಲ ಬರಿಯ ಚರಿತ್ರೆಯಾಗಿ ಉಳಿದಿಲ್ಲ. ವರದಾ ನದಿಯ ನೀರನ್ನು ಪಂಪುಗಳಿಂದ ಎತ್ತಿ ಈ ಭಾಗದ ಕೆರೆಗಳಿಗೆ ಹಾಯಿಸುವ ತಿಳವಳ್ಳಿ ಏತ ನೀರಾವರಿ ಯೋಜನೆ 1998 ರಲ್ಲಿ ಸ್ಥಾಪನೆಯಾದ ಕರ್ನಾಟಕ ನೀರಾವರಿ ನಿಗಮದ್ದು. ತಾಲೂಕಿನಲ್ಲಿ ಬಾಳಂಬೀಡದಂತಹ ಬೇರೆ ಏತ ಯೋಜನೆಗಳೂ ಬಂದಿವೆ. ಬರಗಾಲದಲ್ಲಿ ಬರಿದಾದ ಕೆರೆಗೆ ನೀರು ಬರುವುದನ್ನು ಯಾರೂ ಬೇಡವೆನ್ನಲಾರರು. ಆದರೆ ಹೀಗೆ ಬರುವ ನೀರು ಹಳ್ಳದಿಂದ ಬರುವುದಿಲ್ಲ, ಕೊಳವೆಯಿಂದ ಬರುತ್ತದೆ. ಕೊಳವೆಯಿಂದ ತುಂಬುವ ಕೆರೆಗೆ ಮೇಲಿನ ಕಾಡು ಉಳಿದರೇನು, ಹಳ್ಳ ಮುಚ್ಚಿದರೇನು ಎಂಬ ಭಾವನೆ ಬೆಳೆಯಲು ಬಹಳ ಕಾಲ ಬೇಕಾಗುವುದಿಲ್ಲ. ಮೇಲಿನ ಕೆರೆಯ ಕೋಡಿಯನ್ನು ಕೆಳಗಿನ ಊರು ಕಾಯುತ್ತಿದ್ದ ನಂಟು ಅಲ್ಲಿಗೆ ಕಡಿಯುತ್ತದೆ. ಯಾವ ಕೆರೆಗೆ ಮೊದಲು, ಯಾವುದಕ್ಕೆ ಆಮೇಲೆ, ವಿದ್ಯುತ್ತಿನ ವೆಚ್ಚ ಯಾರದು, ತುಂಬಿದ ನೀರು ಗದ್ದೆಗೋ ಬಾವಿಯ ಸೆಲೆಗೋ ಎಂಬುದನ್ನು ಗೊತ್ತುಮಾಡುವ ಬೈಠಕ್ಕಿನಲ್ಲಿ ಊರಿನವರು ಕುಳಿತಿರಬೇಕು. ಅವರ ನಡುವೆ ಕಾಲುವೆಯ ಕೊನೆಯ ಗದ್ದೆಯವನೂ, ಹಿಂದೆ ನೀರುಗಂಟಿಯಾಗಿದ್ದವನ ಮೊಮ್ಮಗನೂ ಇರಬೇಕು. ಅಂತಹ ಬೈಠಕ್ಕನ್ನು ಮಠದ ಅಂಗಳದಲ್ಲಿ ಕರೆಯಬಹುದು, ಶಾಂತೇಶ್ವರನ ಗುಡಿಯ ಮುಂದಿನ ಬಯಲಿನಲ್ಲಿಯೂ ಕರೆಯಬಹುದು. ಪಂಪಿನ ಗುಂಡಿ ಒತ್ತುವ ನೌಕರ ನಿಗಮದವನು. ಯಾರ ಮಾತಿನ ಮೇಲೆ ಒತ್ತಬೇಕೆಂಬುದನ್ನು ಬರೆದಿಡುವ ಕಾಗದಕ್ಕೆ ಊರಿನ ರುಜು ಇನ್ನು ಬೀಳಬೇಕಾಗಿದೆ.